ವಿದ್ಯೆಯ ಎಲೆ ಮತ್ತು ಒಂದು ಸೀಸೆ ಎಣ್ಣೆ

ನಮ್ಮ ಬೀದಿಯ ಕೊನೆಯ ಮನೆಯ ಅಂಗಳದಲ್ಲಿ ಒಂದು ಗಿಡವಿದೆ. ಆಳೆತ್ತರವನ್ನು ಮೀರಿ ಬೆಳೆದು, ದೀಪದ ಕುಡಿಯಂತೆ ತುದಿ ಮೊನಚಾಗಿ ನಿಂತಿರುವ ಈ ಗಿಡದ ಎಲೆಯು ಮಾವು ಹಲಸುಗಳ ಎಲೆಯಂತೆ ಅಗಲವಾದುದಲ್ಲ; ಮೀನಿನ ಮೈಮೇಲಿನ ಹುರುಪೆಗಳನ್ನು ಒಂದರ ಮೇಲೊಂದು ಜೋಡಿಸಿ ಬೀಸಣಿಗೆಯಂತೆ ಹರಡಿದ ಹಾಗೆ ಕಾಣುವುದು. ಶಾಲೆಗೆ ಹೋಗುವ ಮಕ್ಕಳೆಲ್ಲರಿಗೂ ಇದರ ಗುರುತುಂಟು. ಅವರು ಇದನ್ನು ವಿದ್ಯೆಯ ಎಲೆ ಎಂದು ಕರೆಯುವರು. ಒಂದು ಕುಡಿಯನ್ನು ಚಿವುಟಿ ಪುಸ್ತಕದ ಹಾಳೆಗಳ ನಡುವೆ ಇಟ್ಟರೆ ಪಾಠವು ತಾನಾಗಿಯೇ ತಲೆಗೆ ಹತ್ತುವುದೆಂದು ನಂಬಿರುವರು. ನಾನು ಮೂವತ್ತು ವರ್ಷ ಪಾಠ ಹೇಳಿದವನಾದುದರಿಂದ ಈ ಎಲೆಯ ಫಲವನ್ನು ಪರೀಕ್ಷೆಯ ಕಾಗದಗಳಲ್ಲಿ ಬೇಕಾದಷ್ಟು ಕಂಡಿರುವೆನು! ಆದರೂ ಮಕ್ಕಳ ನಂಬಿಕೆಯನ್ನು ಕೆಡಿಸುವ ಮನಸ್ಸು ನನಗೆ ಎಂದೂ ಬಂದುದಿಲ್ಲ.

ಕಳೆದ ತಿಂಗಳಲ್ಲಿ ಆ ಮನೆಯ ಹುಡುಗಿಯು ಒಂದು ಕುಡಿಯನ್ನು ಬೆರಳುಗಳ ನಡುವೆ ಹೊಸಕಿ ನನ್ನ ಮೂಗಿನ ಬಳಿ ಹಿಡಿದು, "ಅಜ್ಜ, ಇದಕ್ಕೆ ಇಷ್ಟು ವಾಸನೆ ಏಕೆ? ಹೂವಾದರೆ ದುಂಬಿಯನ್ನು ಕರೆಯುತ್ತದೆ ಎಂದು ಹೇಳಿದ್ದೀರಿ. ಎಲೆ ಯಾರನ್ನು ಕರೆಯುತ್ತದೆ?" ಎಂದು ಕೇಳಿದಳು. ಒಂಬತ್ತು ವರ್ಷದ ಹುಡುಗಿಯ ಬಾಯಿಂದ ಇಂತಹ ಪ್ರಶ್ನೆ ಹೊರಟಾಗ ಮುದುಕನಾದ ಮೇಷ್ಟರಿಗೆ ಆಗುವ ಸಂತೋಷವು ಎಷ್ಟೆಂದು ವಾಚಕರು ಊಹಿಸಿಕೊಳ್ಳಬಹುದು. ಉತ್ತರ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳ ತಾಯಿಯು ಒಳಗಿನಿಂದ ಒಂದು ಸಣ್ಣ ಸೀಸೆಯನ್ನು ಹಿಡಿದು ಬಂದರು.

"ಮೇಷ್ಟರೇ, ನನ್ನ ತಮ್ಮ ಊರೂರು ಸುತ್ತಿ ಬರುವಾಗ ಇದನ್ನು ತಂದುಕೊಟ್ಟ. ಥೂಜಾ ತೈಲವಂತೆ. ಅಂಗಳದಲ್ಲಿರುವುದೂ ಥೂಜಾ ಗಿಡವೇ ಎಂದು ಸಸಿ ಮಾರುವವನು ಹೇಳಿದ್ದ. ಚಿಕ್ಕವನಿಗೆ ನಾಲ್ಕು ದಿನದಿಂದ ಕೆಮ್ಮು ಬಿಟ್ಟಿಲ್ಲ. ಎರಡು ತೊಟ್ಟು ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸೋಣವೆಂದಿದ್ದೇನೆ. ಶುದ್ಧವಾದದ್ದು, ಪ್ರಕೃತಿಸಹಜವಾದದ್ದು ಎಂದು ಚೀಟಿಯ ಮೇಲೆ ಬರೆದಿದೆಯಲ್ಲ, ಏನೂ ಆಗುವುದಿಲ್ಲವಷ್ಟೆ?"

ಚಿಕ್ಕವನಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ನಾನು ಥಟ್ಟನೆ, "ಬೇಡ ತಾಯಿ, ಅದನ್ನು ಮೊದಲು ಎತ್ತರದ ಗೂಡಿನಲ್ಲಿಡಿ, ಮಗುವನ್ನು ವೈದ್ಯರಿಗೆ ತೋರಿಸಿ. ಕಾರಣವನ್ನು ಆಮೇಲೆ ಹೇಳುತ್ತೇನೆ" ಎಂದೆನು. ಮಗಳ ಪ್ರಶ್ನೆ ಮತ್ತು ತಾಯಿಯ ಪ್ರಶ್ನೆ ಎರಡೂ ಬೇರೆ ಬೇರೆಯಾಗಿ ಕಂಡರೂ ಅವುಗಳಿಗೆ ಉತ್ತರ ಒಂದೇ. ಆ ಉತ್ತರವನ್ನು ಬಿಡಿಸಿ ಹೇಳುವುದೇ ಈ ತಿಂಗಳ ಮಾತು.

ಮೊದಲು ಈ ಮರಗಳ ಮನೆತನವನ್ನು ಅರಿಯೋಣ. ಸಸ್ಯಶಾಸ್ತ್ರಜ್ಞರು ಇವುಗಳನ್ನು ಸೈಪ್ರೆಸ್ ಕುಟುಂಬವೆಂದು ಕರೆಯುವರು. ಈ ಕುಟುಂಬದಲ್ಲಿ ಸುಮಾರು 30 ಕುಲಗಳೂ 130ಕ್ಕೆ ಮಿಕ್ಕ ಜಾತಿಗಳೂ ಉಂಟು. ಉದಕಮಂಡಲದ ತೋಟಗಳಲ್ಲಿ ಸಾಲಾಗಿ ನಿಂತಿರುವ ಸೈಪ್ರೆಸ್ ಮರಗಳು, ಹಿಮಾಲಯದ ಎತ್ತರದಲ್ಲಿ ಬೆಳೆಯುವ ಜ್ಯುನಿಪರ್ ಪೊದೆಗಳು, ಉತ್ತರ ಅಮೆರಿಕದ ಥೂಜಾ, ಜಪಾನಿನ ಹಿನೋಕಿ, 115 ಮೀಟರಿಗೂ ಎತ್ತರವಾಗಿ ಬೆಳೆದು ಲೋಕದ ಮರಗಳಲ್ಲೆಲ್ಲ ಉನ್ನತವೆನಿಸಿರುವ ಕ್ಯಾಲಿಫೋರ್ನಿಯದ ಕೆಂಪುಮರ, ಇವೆಲ್ಲವೂ ಒಂದೇ ಬಳಗದವು. ನಮ್ಮ ಕಡಲತೀರದ ಸರ್ವೆಮರವಾಗಲಿ ಹಿಮಾಲಯದ ದೇವದಾರುವಾಗಲಿ ಈ ಬಳಗಕ್ಕೆ ಸೇರಿದವಲ್ಲ. ಸರ್ವೆಯು ಬೇರೆಯೇ ಆದ ಹೂಬಿಡುವ ಮರ. ದೇವದಾರುವು ಪೈನ್ ಕುಟುಂಬದ್ದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ಈ ಬಳಗದ ಮರಗಳಲ್ಲಿ ಎಲೆಯನ್ನು ಹೊಸಕಿದರೂ, ಕಾಯಿಯನ್ನು ಜಜ್ಜಿದರೂ, ಕಟ್ಟಿಗೆಯನ್ನು ಕೊಯ್ದರೂ ಕಂಪು ಹೊರಡುವುದು. ಆ ಕಂಪನ್ನು ಸೀಸೆಗೆ ತುಂಬುವ ಬಗೆಯು ಕಷ್ಟವಾದುದಲ್ಲ. ಎಲೆಯನ್ನಾಗಲಿ ಕಟ್ಟಿಗೆಯ ಚೂರುಗಳನ್ನಾಗಲಿ ಹಂಡೆಯಲ್ಲಿ ತುಂಬಿ, ಕೆಳಗಿನಿಂದ ನೀರಿನ ಆವಿಯನ್ನು ಹಾಯಿಸಿದರೆ, ಸುಗಂಧದ ಎಣ್ಣೆಯು ಆ ಆವಿಯೊಡನೆ ಎದ್ದು ಹೋಗುವುದು. ಅದನ್ನು ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯ ಮೂಲಕ ಇಳಿಸಿದರೆ ಆವಿಯು ಮರಳಿ ನೀರಾಗಿ, ಅದರ ಮೇಲೆ ಎಣ್ಣೆಯು ತೇಲಿ ನಿಲ್ಲುವುದು. ಪನ್ನೀರನ್ನು ಬಟ್ಟಿ ಇಳಿಸುವ ಕ್ರಮವೂ ಇದೇ. ಇದು ಕೊಬ್ಬರಿ ಎಣ್ಣೆಯಂತೆ ಜಿಡ್ಡಿನ ಎಣ್ಣೆಯಲ್ಲ. ಎಲೆಯಿಂದ ಬಂದುದಾದರೆ ಒಂದು ತೊಟ್ಟನ್ನು ಕಾಗದದ ಮೇಲೆ ಬಿಟ್ಟು ಸ್ವಲ್ಪ ಹೊತ್ತು ಕಾದರೆ ಕಲೆಯನ್ನುಳಿಸದೆ ಬಹುಮಟ್ಟಿಗೆ ಗಾಳಿಯಲ್ಲಿ ಹಾರಿಹೋಗುವುದು. ಒಂದು ಮಾತನ್ನು ಮಾತ್ರ ಮರೆಯಬಾರದು: ಬುಟ್ಟಿಗಟ್ಟಲೆ ಎಲೆಯಿಂದ ಇಳಿದು ಬರುವುದು ಅಂಗೈಯಷ್ಟು ಎಣ್ಣೆ. ಎಲೆಯ ಕುಡಿಯಲ್ಲಿ ಇದ್ದೂ ಇಲ್ಲದಂತಿರುವ ವಸ್ತುವು ಸೀಸೆಯಲ್ಲಿ ಸಾಂದ್ರವಾಗಿ ನಿಂತಿರುವುದು.

ಇನ್ನು ಈ ಎಣ್ಣೆಯಲ್ಲಿ ಏನಿದೆಯೆಂದು ನೋಡೋಣ. ಅದು ಒಂದೇ ವಸ್ತುವಲ್ಲ. ಹತ್ತಾರು ರಾಸಾಯನಿಕ ವಸ್ತುಗಳ ಮಿಶ್ರಣ. ಜರ್ಮನಿಯ ಆಟೋ ವಾಲಾಕ್ ಎಂಬ ಪಂಡಿತರು ಇಂತಹ ತೈಲಗಳ ಗೋಜಲನ್ನು ಬಹುವರ್ಷ ಬಿಡಿಸುತ್ತ ಕುಳಿತು 1910ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದರು. ಅನಂತರ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ ಲಿಯೋಪೋಲ್ಡ್ ರುಜಿಚ್ಕಾ ಎಂಬವರು ಇದೇ ದಾರಿಯಲ್ಲಿ ಮುಂದೆ ಸಾಗಿ 1939ರ ಪಾರಿತೋಷಿಕದಲ್ಲಿ ಪಾಲು ಪಡೆದರು. ಇವರೆಲ್ಲರ ಶ್ರಮದಿಂದ ತಿಳಿದು ಬಂದುದೇನೆಂದರೆ, ಈ ವಸ್ತುಗಳಲ್ಲಿ ಬಹುಪಾಲು ಐದು ಇಂಗಾಲದ ಪರಮಾಣುಗಳುಳ್ಳ ಒಂದೇ ಬಗೆಯ ಇಟ್ಟಿಗೆಯಿಂದ ಕಟ್ಟಿದ ಮನೆಗಳು. ಎರಡು ಇಟ್ಟಿಗೆ ಸೇರಿದರೆ ಹತ್ತು ಇಂಗಾಲದ ಹಗುರವಾದ ವಸ್ತು; ಮೂರು ಸೇರಿದರೆ ಹದಿನೈದು ಇಂಗಾಲದ ಭಾರವಾದ ವಸ್ತು. ಹಗುರವಾದವು ಬೇಗ ಹಾರುವವು. ಎಲೆಯನ್ನು ಹೊಸಕಿದೊಡನೆ ಮೂಗಿಗೆ ಬಡಿಯುವ ಪೈನೀನ್, ಕೇರೀನ್ ಎಂಬುವು ಇಂತಹವು. ಭಾರವಾದವು ನಿಧಾನವಾಗಿ, ತಿಂಗಳು ವರ್ಷಗಳವರೆಗೆ ಕಂಪು ಬೀರುವವು. ಕಟ್ಟಿಗೆಯಲ್ಲಿರುವ ಸೀಡ್ರಾಲ್ ಎಂಬುದು ಇಂತಹದು. ನಮ್ಮ ವಿದ್ಯೆಯ ಎಲೆಯ ಎಣ್ಣೆಯಲ್ಲಿ ಈ ಮೂರೂ ಉಂಟು.

ಹಿರಿಯ ವಾಚಕರಿಗೆ ಹಳೆಯ ಕಾಲದ ಪರದೇಶದ ಪೆನ್ಸಿಲನ್ನು ಹೆರೆದಾಗ ಬರುತ್ತಿದ್ದ ಕಂಪು ನೆನಪಿರಬಹುದು. ಅದು ಅಮೆರಿಕದ ಪೂರ್ವಭಾಗದಲ್ಲಿ ಬೆಳೆಯುವ ಒಂದು ಜ್ಯುನಿಪರ್ ಮರದ ಕಂಪು. ಮೆತ್ತಗೆ ಸೀಳಿಲ್ಲದೆ ಹೆರೆಯಲು ಬರುವುದೆಂದು ಆ ಮರವನ್ನು ಪೆನ್ಸಿಲಿಗಾಗಿ ಕಡಿದು ಕಡಿದು, ಮರವು ಸಾಲದೆ ಬಂದಾಗ, ಅದೇ ಬಳಗದ ಕ್ಯಾಲಿಫೋರ್ನಿಯದ ಧೂಪದ ಸೀಡರನ್ನು ಹಿಡಿದರು. ಈ ಪೆನ್ಸಿಲ್ ಮರದ ಎಣ್ಣೆಯಿಂದ ಲೋಕಕ್ಕೆ ಇನ್ನೊಂದು ದೊಡ್ಡ ಉಪಕಾರವಾಯಿತು. ಗಾಜಿನಲ್ಲಿ ಬೆಳಕು ಎಷ್ಟು ಬಾಗುವುದೋ ಹದಮಾಡಿದ ಈ ಎಣ್ಣೆಯಲ್ಲಿಯೂ ಹೆಚ್ಚು ಕಡಮೆ ಅಷ್ಟೇ ಬಾಗುವುದು. ಆದುದರಿಂದ ಸೂಕ್ಷ್ಮದರ್ಶಕದ ಕಾಚಕ್ಕೂ ಕೆಳಗಿನ ಗಾಜಿನ ತಟ್ಟೆಗೂ ನಡುವೆ ಇದರ ಒಂದು ತೊಟ್ಟನ್ನು ಬಿಟ್ಟರೆ, ಬೆಳಕು ಚದರದೆ ಒಳಹೊಕ್ಕು, ಬಹು ಸಣ್ಣ ವಸ್ತುಗಳು ಸ್ಪಷ್ಟವಾಗಿ ಕಾಣುವವು. ಜರ್ಮನಿಯ ಎನಾ ಪಟ್ಟಣದಲ್ಲಿ ಎರ್ನ್‌ಸ್ಟ್ ಅಬ್ಬೆ ಎಂಬ ಭೌತಶಾಸ್ತ್ರಜ್ಞರು 1878ರಲ್ಲಿ ಈ ಏರ್ಪಾಡನ್ನು ಸಿದ್ಧಪಡಿಸಿದರು. ಇಂತಹ ಎಣ್ಣೆಯ ಕಾಚವನ್ನು ಮೊದಮೊದಲಿಗೆ ಉಪಯೋಗಿಸಿದವರಲ್ಲಿ ರಾಬರ್ಟ್ ಕಾಕ್ ಒಬ್ಬರು. ಅವರು 1882ನೆಯ ಮಾರ್ಚ್ 24ರಂದು ಕ್ಷಯರೋಗದ ಕ್ರಿಮಿಯನ್ನು ಲೋಕಕ್ಕೆ ಪ್ರಕಟಿಸಿದರು. ಒಂದು ಮರದ ಎಣ್ಣೆಯು ಮನುಷ್ಯನ ಕಣ್ಣಿಗೆ ಹೀಗೆ ಬಲಕೊಟ್ಟಿತು. ಬರಬರುತ್ತ ಈ ಎಣ್ಣೆಯು ಒಣಗಿ ಕಾಚಕ್ಕೆ ಅಂಟುವುದೆಂಬ ಕಾರಣದಿಂದ ಕೃತಕವಾದ ಎಣ್ಣೆಗಳು ಇದರ ಸ್ಥಾನವನ್ನು ಹಿಡಿದವು.

ಇದೆಲ್ಲವೂ ನಮ್ಮ ಉಪಯೋಗದ ಮಾತಾಯಿತು. ಮರವು ಪೆನ್ಸಿಲಿಗಾಗಿಯೂ ಸೂಕ್ಷ್ಮದರ್ಶಕಕ್ಕಾಗಿಯೂ ಎಣ್ಣೆಯನ್ನು ಕೂಡಿಡುವುದಿಲ್ಲವಷ್ಟೆ? ಹುಡುಗಿಯ ಪ್ರಶ್ನೆ ಇದೇ. ಎಲೆಯ ಕಂಪು ಯಾರನ್ನು ಕರೆಯುವುದು? ಉತ್ತರವೇನೆಂದರೆ, ಅದು ಯಾರನ್ನೂ ಕರೆಯುವುದಿಲ್ಲ. "ಹತ್ತಿರ ಬರಬೇಡ" ಎನ್ನುವುದು.

ಮರಕ್ಕೆ ಕಾಲಿಲ್ಲ, ಓಡಿಹೋಗಲಾರದು. ಕೈಯಿಲ್ಲ, ಹುಳುವನ್ನು ಒರಸಿಹಾಕಲಾರದು. ಈ ಬಳಗದ ಕೆಲವು ಮರಗಳಾದರೋ ಮೂರು ಸಾವಿರ ವರ್ಷಗಳಿಗೂ ಮಿಕ್ಕು ಒಂದೇ ಕಡೆ ನಿಂತು ಬದುಕುವವು. ಅಷ್ಟು ಕಾಲ ಗೆದ್ದಲು, ಕೊರೆಯುವ ಹುಳು, ಎಲೆ ಮೇಯುವ ಪ್ರಾಣಿ, ಕೊಳೆಸುವ ಬೂಷ್ಟು ಇವುಗಳ ನಡುವೆ ಉಳಿಯಬೇಕಾದರೆ ಮೈಯಲ್ಲಿಯೇ ಆಯುಧವಿರಬೇಕು. ಸುಗಂಧ ತೈಲವೂ ಅದರ ಜೊತೆಯ ಇತರ ವಸ್ತುಗಳೂ ಆ ಆಯುಧಗಳು. ಕೆನಡಾ ದೇಶದ ಪಡುವಣ ಕಡಲಂಚಿನ ಕಾಡುಗಳಲ್ಲಿ ಬೆಳೆಯುವ ದೊಡ್ಡ ಥೂಜಾ ಮರವು ಬಿದ್ದ ಮೇಲೆಯೂ, ಮಳೆ ಬಿಡದೆ ಸುರಿಯುವ ಆ ನೆಲದಲ್ಲಿ, ನೂರು ವರ್ಷದವರೆಗೆ ತಿರುಳು ಕೊಳೆಯದೆ ಮಲಗಿರುವುದುಂಟು. ಅಲ್ಲಿಯ ಮೂಲನಿವಾಸಿಗಳು ಈ ಮರದಿಂದ ದೋಣಿಗಳನ್ನೂ ಮನೆಗಳನ್ನೂ ಕುಲಚಿಹ್ನೆಯ ಕಂಬಗಳನ್ನೂ ಮಾಡಿಕೊಂಡುದು ಇದೇ ಕಾರಣದಿಂದ.

ಈ ಬಲದ ಗುಟ್ಟು ಹೊರಬಿದ್ದ ಕಥೆಯು ಸ್ವಾರಸ್ಯವಾದುದು. ತೈವಾನ್ ದ್ವೀಪವು ಜಪಾನಿನ ಆಳ್ವಿಕೆಯಲ್ಲಿದ್ದಾಗ ಟೆಟ್ಸುವೋ ನೋಜೋಯೆ ಎಂಬ ತರುಣ ರಸಾಯನಶಾಸ್ತ್ರಜ್ಞರು 1926ರಲ್ಲಿ ಅಲ್ಲಿಗೆ ಹೋದರು. ಅಲ್ಲಿಯ ಬೆಟ್ಟಗಳ ಹಿನೋಕಿ ಮರದ ಎಣ್ಣೆಯಿಂದ ಗಾಢವಾದ ಕೆಂಪು ಬಣ್ಣದ ಒಂದು ವಸ್ತುವು ದೊರೆತಿದ್ದಿತು. ಅದನ್ನು ಪರೀಕ್ಷಿಸುತ್ತ ಹೋದ ನೋಜೋಯೆಯವರಿಗೆ ಅದರಲ್ಲಿ ಕಬ್ಬಿಣವು ಕಂಡಿತು! ಮರದ ಎಣ್ಣೆಯಲ್ಲಿದ್ದ ಬಣ್ಣವಿಲ್ಲದ ಒಂದು ವಸ್ತುವು ಕಬ್ಬಿಣವನ್ನು ಅಪ್ಪಿಕೊಂಡು ಕೆಂಪಾಗಿದ್ದಿತು. ಮೂರು ಅಣುಗಳು ಸುತ್ತಲೂ ನಿಂತು ನಡುವೆ ಕಬ್ಬಿಣದ ಒಂದು ಪರಮಾಣುವನ್ನು ಹಿಡಿದುಕೊಂಡಿದ್ದವು. ಆ ಮೂಲವಸ್ತುವಿಗೆ ಹಿನೋಕಿಟಿಯಾಲ್ ಎಂದು ಹೆಸರಿಟ್ಟು 1936ರಲ್ಲಿ ಪ್ರಕಟಿಸಿದರು. ಜಪಾನಿನ ನಾರಾ ಪ್ರಾಂತದ ಹೋರ್ಯೂಜಿ ದೇವಾಲಯವು ಹಿನೋಕಿ ಮರದಿಂದಲೇ ಕಟ್ಟಲ್ಪಟ್ಟು ಸುಮಾರು 1300 ವರ್ಷಗಳಿಂದ ನಿಂತಿರುವುದೆಂಬುದು ಪ್ರಸಿದ್ಧವಾಗಿದೆ. ಆದರೆ ಹೆಸರು ಹಿನೋಕಿಟಿಯಾಲ್ ಎಂದಿದ್ದರೂ ಆ ವಸ್ತುವು ಜಪಾನಿನ ಹಿನೋಕಿಯಲ್ಲಿ ತೀರ ಅಲ್ಪ. ತೈವಾನಿನ ಹಿನೋಕಿಯಲ್ಲಿಯೂ ಜಪಾನಿನ ಹೀಬಾ ಎಂಬ ಬೇರೊಂದು ಮರದಲ್ಲಿಯೂ ಹೆಚ್ಚು. ಒಂದೇ ಬಳಗದ ಅಣ್ಣತಮ್ಮಂದಿರಲ್ಲಿಯೂ ಒಬ್ಬೊಬ್ಬರ ಆಯುಧ ಒಂದೊಂದು ಬಗೆ.

ಈ ವಸ್ತುವಿನ ರಚನೆಯೂ ಆ ಕಾಲದ ಪಂಡಿತರನ್ನು ಬೆರಗುಗೊಳಿಸತಕ್ಕುದಾಗಿದ್ದಿತು. ಆರು ಇಂಗಾಲಗಳು ಕೈಕೈ ಹಿಡಿದು ಉಂಗುರವಾಗಿ ಸ್ಥಿರವಾಗಿ ನಿಲ್ಲುವುದು ಎಲ್ಲರಿಗೂ ತಿಳಿದಿದ್ದಿತು. ಇಲ್ಲಿ ಏಳು ಇಂಗಾಲಗಳ ಉಂಗುರವು ಹಾಗೆಯೇ ಸ್ಥಿರವಾಗಿ ನಿಂತಿದ್ದಿತು. ಎರಡನೆಯ ಮಹಾಯುದ್ಧದ ಗದ್ದಲದಲ್ಲಿ ನೋಜೋಯೆಯವರ ಕೆಲಸವು ಹೊರದೇಶಗಳಿಗೆ ತಲುಪಲಿಲ್ಲ. ಬ್ರಿಟನ್ನಿನಲ್ಲಿ ಮೈಕೇಲ್ ಡ್ಯೂಯರ್ ಎಂಬವರು 1945ರಲ್ಲಿ ಬೂಷ್ಟಿನಿಂದ ದೊರೆತ ಬೇರೊಂದು ವಸ್ತುವಿಗೆ ಇಂತಹ ಏಳರ ಉಂಗುರವಿರಬೇಕೆಂದು ಊಹಿಸಿದರು. ಸ್ವೀಡನ್ನಿನ ಹೋಲ್ಗರ್ ಎರ್ಡ್‌ಟ್‌ಮನ್ ಮತ್ತು ಅವರ ಸಂಗಡಿಗರು 1948ರಲ್ಲಿ ಪಡುವಣ ಅಮೆರಿಕದ ಆ ಕೊಳೆಯದ ಥೂಜಾ ಮರದಿಂದ ಥೂಜಾಪ್ಲಿಸಿನ್ ಎಂಬ ಮೂರು ವಸ್ತುಗಳನ್ನು ತೆಗೆದರು. ಅವುಗಳಲ್ಲಿ ಒಂದು ಹಿನೋಕಿಟಿಯಾಲೇ ಆಗಿದ್ದಿತು. ಮಹಾಸಾಗರದ ಎರಡು ದಡಗಳ ಎರಡು ಮರಗಳು ಬೂಷ್ಟನ್ನು ತಡೆಯಲು ಒಂದೇ ಆಯುಧವನ್ನು ಮಸೆದಿದ್ದವು. ಕಬ್ಬಿಣದಂತಹ ಲೋಹಗಳನ್ನು ಕಸಿದುಕೊಳ್ಳುವ ಗುಣವೂ ಆ ಆಯುಧದ ಬಲಕ್ಕೆ ಒಂದು ಕಾರಣವೆಂದು ಶಾಸ್ತ್ರಜ್ಞರು ಹೇಳುವರು. ಈ ಮರಕ್ಕೆ ಸಾಮಾನ್ಯ ಕಬ್ಬಿಣದ ಮೊಳೆಯನ್ನು ಹೊಡೆದರೆ ಸುತ್ತಲೂ ಕಪ್ಪು ಕಲೆ ಏಳುವುದರಿಂದ ಅಲ್ಲಿಯ ಬಡಗಿಗಳು ತುಕ್ಕು ಹಿಡಿಯದ ಮೊಳೆಗಳನ್ನೇ ಉಪಯೋಗಿಸುವರು.

ಹೀಗೆ ಕಬ್ಬಿಣವನ್ನು ಹಿಡಿಯುವ ಗುಣದಿಂದ ಈಚೆಗೆ ಇನ್ನೊಂದು ವಿಶೇಷವು ಕಂಡುಬಂದಿದೆ. ದೇಹದಲ್ಲಿ ಕಬ್ಬಿಣವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಕೆಲವು ಪ್ರೋಟೀನುಗಳಿವೆ. ಹುಟ್ಟಿನಿಂದಲೇ ಅವು ಇಲ್ಲದಿದ್ದರೆ ಕಬ್ಬಿಣವಿದ್ದೂ ರಕ್ತಕ್ಕೆ ಸೇರದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಮಾರ್ಟಿನ್ ಬರ್ಕ್ ಮತ್ತು ಸಂಗಡಿಗರು 2017ರಲ್ಲಿ, ಇಂತಹ ಕೊರತೆಯುಳ್ಳ ಇಲಿಗಳಿಗೂ ಮೀನುಗಳಿಗೂ ಹಿನೋಕಿಟಿಯಾಲನ್ನು ಕೊಟ್ಟಾಗ ಅದು ಕಬ್ಬಿಣವನ್ನು ಹೊತ್ತು ದಾಟಿಸಿತೆಂದು ತೋರಿಸಿದರು. ಬೂಷ್ಟನ್ನು ಕೊಲ್ಲುವ ವಸ್ತುವೇ ಅಳೆದ ಅಳತೆಯಲ್ಲಿ, ಅರಿತವರ ಕೈಯಲ್ಲಿ, ಉಪಕಾರಿಯಾಗಿ ಕಂಡಿತು. ಆದರೆ ಇದು ಪ್ರಯೋಗಶಾಲೆಯ ಪ್ರಾಣಿಗಳ ಮಾತು. ರಕ್ತಹೀನತೆಗೆ ಔಷಧವೆಂದು ಯಾರೂ ಮನೆಯಲ್ಲಿ ಇಂತಹ ಎಣ್ಣೆಯನ್ನು ಸೇವಿಸತಕ್ಕುದಲ್ಲ.

ಈಗ ತಾಯಿಯ ಪ್ರಶ್ನೆಗೆ ಬರೋಣ. ಕಂಪು ಮರದ ಆಯುಧವೆಂದ ಮೇಲೆ, ಆಯುಧವು ಹುಳುವಿಗೂ ಬೂಷ್ಟಿಗೂ ಮಾತ್ರ ತಗುಲಿ ಮನುಷ್ಯನ ಮಗುವನ್ನು ಬಿಟ್ಟುಬಿಡುವುದೆಂದು ನಂಬುವುದು ಹೇಗೆ? "ಪ್ರಕೃತಿಸಹಜ" ಎಂಬ ಮಾತು ಹಾವಿನ ವಿಷಕ್ಕೂ ಸಲ್ಲುವುದು.

ಸೀಸೆಯ ಮೇಲಿದ್ದ ಹೆಸರು ಥೂಜಾ. ಅಂಗಳದ ಗಿಡವನ್ನೂ ಸಸಿ ಮಾರುವವರು ಥೂಜಾ ಎನ್ನುವರು. ಹಿಂದೆ ಅದರ ಶಾಸ್ತ್ರೀಯ ನಾಮವು ಥೂಜಾ ಓರಿಯೆಂಟಾಲಿಸ್ ಎಂದಿದ್ದುದೇ ಇದಕ್ಕೆ ಕಾರಣ. ಸಸ್ಯಶಾಸ್ತ್ರಜ್ಞರು ಅದನ್ನು ಥೂಜಾ ಕುಲದಿಂದ ಬೇರ್ಪಡಿಸಿ ಪ್ಲಾಟಿಕ್ಲೇಡಸ್ ಎಂಬ ಬೇರೆ ಕುಲದಲ್ಲಿಟ್ಟಿರುವರು. ಅಂಗಡಿಯ ಥೂಜಾ ತೈಲವಾದರೋ ಸಾಮಾನ್ಯವಾಗಿ ಉತ್ತರ ಅಮೆರಿಕದ ಥೂಜಾ ಆಕ್ಸಿಡೆಂಟಾಲಿಸ್ ಎಂಬ ಮರದ ಎಲೆಯಿಂದ ಇಳಿಸಿದುದು. ಆ ಎಣ್ಣೆಯಲ್ಲಿ ಅರ್ಧಕ್ಕಿಂತಲೂ ಹೆಚ್ಚು ಭಾಗ ಥೂಜೋನ್ ಎಂಬ ವಸ್ತುವಿರುವುದು. ಥೂಜೋನು ಹತ್ತು ಇಂಗಾಲದ ಹಗುರವಾದ ವಸ್ತು. ಗುಣದಲ್ಲಿಯೂ ರಚನೆಯಲ್ಲಿಯೂ ನಮ್ಮ ಪೂಜೆಯ ಕರ್ಪೂರಕ್ಕೆ ಸಮೀಪದ ಬಂಧು. ನಮ್ಮ ಮೆದುಳಿನಲ್ಲಿ ನರಗಳು ಮಿತಿಮೀರಿ ಕೆರಳದಂತೆ ಕಡಿವಾಣ ಹಾಕುವ ಒಂದು ವ್ಯವಸ್ಥೆಯುಂಟು. ಥೂಜೋನು ಆ ಕಡಿವಾಣವನ್ನು ಸಡಿಲಿಸುವುದೆಂದು ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದರು. ಕಡಿವಾಣ ಸಡಿಲಿದರೆ ಮೈಯೆಲ್ಲ ಸೆಳೆತು ಅಪಸ್ಮಾರದಂತೆ ಸೆಳವು ಬರುವುದು. ಥೂಜಾ ತೈಲವೇ ಮೊದಲಾದುವನ್ನು ಸೇವಿಸಿ ಸೆಳವು ಬಂದ ಪ್ರಸಂಗಗಳನ್ನು ಫ್ರಾನ್ಸಿನ ವೈದ್ಯರು 1981ರಲ್ಲಿಯೇ ಬರೆದಿಟ್ಟಿರುವರು. ನಮ್ಮ ಬೆಂಗಳೂರಿನ ನರರೋಗ ವೈದ್ಯರೂ ಈಚಿನ ವರ್ಷಗಳಲ್ಲಿ, ನೀಲಗಿರಿ ಎಣ್ಣೆಯನ್ನೂ ಕರ್ಪೂರವನ್ನೂ ಬೆರೆಸಿದ ತೈಲ ಲೇಪಗಳನ್ನು ಬಳಸಿದ ಬಳಿಕ ಸೆಳವು ಬಂದ ರೋಗಿಗಳ ವಿವರಗಳನ್ನು ಪ್ರಕಟಿಸಿರುವರು. ದೊಡ್ಡವರ ಗತಿಯೇ ಹೀಗಾದರೆ, ಹತ್ತು ಹನ್ನೆರಡು ಸೇರು ತೂಗುವ ಕೂಸಿನ ಗತಿಯೇನು? ನಮಗೆ ತೊಟ್ಟಾಗಿ ಕಾಣುವುದು ಅದಕ್ಕೆ ಬೊಗಸೆ.

ಇಲ್ಲಿ ಒಂದು ಸಂದೇಹವು ಬರಬಹುದು. "ನರುಳ್ಳೆಗೆ ಹೋಮಿಯೋಪತಿಯವರು ಥೂಜಾ ಕೊಡುವರಲ್ಲ, ಅದರಿಂದ ಯಾರಿಗೂ ಏನೂ ಆಗಿಲ್ಲವಲ್ಲ?" ಎಂದು ಕೇಳುವವರುಂಟು. ಆ ಸಕ್ಕರೆಯ ಗುಳಿಗೆಗಳಲ್ಲಿ ಮೂಲವಸ್ತುವು ನೀರಿಗೆ ನೀರು ಬೆರೆಸುತ್ತ ಹೋದಂತೆ ಅತ್ಯಲ್ಪವಾಗಿರುವುದು, ಇಲ್ಲವೆ ಇಲ್ಲವೇ ಆಗಿರುವುದು. ಈ ಸೀಸೆಯಲ್ಲಿಯೋ ಅದು ಅಪ್ಪಟವಾಗಿ ತುಂಬಿರುವುದು. ಹೆಸರು ಒಂದಾದ ಮಾತ್ರಕ್ಕೆ ವಸ್ತುವು ಒಂದಾಗದು.

ಹೆಸರಿನ ಮೋಸವು ಇಷ್ಟಕ್ಕೇ ನಿಲ್ಲುವುದಿಲ್ಲ. ಸೀಡರ್ ಎಂಬ ಹೆಸರನ್ನೇ ನೋಡಿರಿ. ನಮ್ಮ ದೇಶದಲ್ಲಿ ಸೀಡರ್ ಎಣ್ಣೆಯೆಂದು ಮಾರುವುದು ಅನೇಕ ವೇಳೆ ಹಿಮಾಲಯದ ದೇವದಾರುವಿನ ಎಣ್ಣೆ. ಅದು ಈ ಬಳಗದ್ದೇ ಅಲ್ಲವೆಂದು ಮೊದಲೇ ಹೇಳಿದೆನು. ಅಮೆರಿಕದ ಸೀಡರ್ ಕಟ್ಟಿಗೆಯ ಎಣ್ಣೆಯು ಪೆನ್ಸಿಲಿನ ಜ್ಯುನಿಪರಿನದು. ಅದರಲ್ಲಿ ಥೂಜೋನ್ ಮುಖ್ಯವಲ್ಲ. ಆದರೆ ವ್ಯಾಪಾರದಲ್ಲಿ ಸೀಡರ್ ಎಲೆಯ ಎಣ್ಣೆಯೆಂದರೆ ಥೂಜಾ ತೈಲವೇ! ಕಟ್ಟಿಗೆ ಎಂಬ ಮಾತಿನ ಎಡೆಯಲ್ಲಿ ಎಲೆ ಎಂಬ ಮಾತು ಬಂದರೆ ಸಾಧುವು ಹೋಗಿ ಉಗ್ರವು ಬಂದಂತೆ. ಜ್ಯುನಿಪರುಗಳಲ್ಲಿಯೂ ಹೀಗೆಯೇ. ಹಪುಷಾ ಎಂದು ನಮ್ಮ ವೈದ್ಯಗ್ರಂಥಗಳಲ್ಲಿ ಬರುವ ಕಾಯಿಯನ್ನು ಸಾಮಾನ್ಯ ಜ್ಯುನಿಪರಿನ ಕಾಯಿಯೆಂದು ಗುರುತಿಸುವರು. ಪಾಶ್ಚಾತ್ಯರು ಅದನ್ನೇ ಅಡಿಗೆಗೂ ಜಿನ್ ಎಂಬ ಮದ್ಯಕ್ಕೂ ಬಳಸುವರು. ಆದರೆ ಅದರ ದಾಯಾದಿಯಾದ ಸ್ಯಾವಿನ್ ಎಂಬ ಜ್ಯುನಿಪರ್ ಘೋರವಾದ ವಿಷ. ಹಿಂದಿನ ಕಾಲದಲ್ಲಿ ಯೂರೋಪಿನಲ್ಲಿ ಗರ್ಭವನ್ನು ಇಳಿಸಲೆಂದು ಅದನ್ನು ಕುಡಿದು ಪ್ರಾಣವನ್ನೇ ಕಳೆದುಕೊಂಡ ಹೆಂಗಸರುಂಟು.

ಕುಡಿದರೆ ಮಾತ್ರ ಅಪಾಯವೆಂದೂ ತಿಳಿಯಬಾರದು. ಪಡುವಣ ಅಮೆರಿಕದ ದೊಡ್ಡ ಥೂಜಾ ಮರವನ್ನು ಕೊಯ್ಯುವ ಕಾರ್ಖಾನೆಗಳಲ್ಲಿ, ಆ ಮರದ ಧೂಳಿನಲ್ಲಿರುವ ಪ್ಲಿಕಾಟಿಕ್ ಆಮ್ಲವೆಂಬ ವಸ್ತುವಿನಿಂದ, ಕೆಲಸಗಾರರಲ್ಲಿ ನೂರಕ್ಕೆ ನಾಲ್ಕೈದು ಮಂದಿಗಾದರೂ ಉಬ್ಬಸವು ಹತ್ತುವುದು. ಕೆಲವರಿಗೆ ಆ ಕೆಲಸವನ್ನು ಬಿಟ್ಟಮೇಲೆಯೂ ಉಬ್ಬಸ ಬಿಡುವುದಿಲ್ಲ. ಬೂಷ್ಟನ್ನು ನೂರು ವರ್ಷ ದೂರವಿಟ್ಟ ಮರವು ತನ್ನನ್ನು ಕೊಯ್ದವನ ಉಸಿರನ್ನೂ ಹಿಡಿಯುವುದು.

ಹಾಗಾದರೆ ಈ ಬಳಗದ ಕಂಪನ್ನು ಮನೆಯಿಂದ ಹೊರಗಟ್ಟಬೇಕೆ? ಅಷ್ಟು ದೂರ ಹೋಗಬೇಕಾದುದಿಲ್ಲ. ಲಡಾಖಿನವರು ಶುಕ್ಪಾ ಎಂಬ ಜ್ಯುನಿಪರಿನ ಕುಡಿಗಳನ್ನು ಧೂಪಕ್ಕೆ ಬಳಸುವರು. ನಮ್ಮ ಬೈಲುಕುಪ್ಪೆಯಲ್ಲಿ 1960ರ ಬಳಿಕ ನೆಲೆಸಿದ ಟಿಬೆಟಿನವರೂ ಜ್ಯುನಿಪರನ್ನು ಹಾಕಿ ಹೊಗೆಯನ್ನೆಬ್ಬಿಸಿ ಪೂಜೆ ಮಾಡುವರು. ತೆರೆದ ಬಯಲಿನಲ್ಲಿ ಒಂದು ಹಿಡಿ ಕುಡಿಯ ಹೊಗೆಯೇ ಬೇರೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂಸಿನ ತೊಟ್ಟಿಲ ಪಕ್ಕದಲ್ಲಿ ರಾತ್ರಿಯೆಲ್ಲ ಯಂತ್ರದಿಂದ ಹಾರಿಸುವ ಅಪ್ಪಟ ಎಣ್ಣೆಯ ಆವಿಯೇ ಬೇರೆ. ಕಂಪಿಗೆ ಅಳತೆಯೇ ಧರ್ಮ.

ಗೃಹಿಣಿಯರ ಅನುಕೂಲಕ್ಕಾಗಿ ಕೆಲವು ಮಾತುಗಳನ್ನು ಹೇಳುವೆನು. ಸುಗಂಧ ತೈಲದ ಸೀಸೆಯನ್ನು ಕೊಳ್ಳುವಾಗ ಅದರ ಚೀಟಿಯ ಮೇಲೆ ಮರದ ಶಾಸ್ತ್ರೀಯ ನಾಮವೂ, ಎಲೆಯಿಂದಲೋ ಕಟ್ಟಿಗೆಯಿಂದಲೋ ಇಳಿಸಿದುದೆಂಬುದೂ ಇದೆಯೇ ಎಂದು ನೋಡಬೇಕು. ಬರಿಯ "ಸೀಡರ್" ಅಥವಾ "ಥೂಜಾ" ಎಂದಿದ್ದರೆ ಸಾಲದು. ಅಪ್ಪಟ ಎಣ್ಣೆಯನ್ನು ಹೊಟ್ಟೆಗೆ ಕೊಡಬಾರದು, ಕೂಸಿನ ಮೂಗಿನ ಬಳಿಗೂ ಎದೆಗೂ ಹಚ್ಚಬಾರದು. ಗರ್ಭಿಣಿಯರೂ ಸೆಳವಿನ ಕಾಯಿಲೆಯವರೂ ಉಬ್ಬಸದವರೂ ವೈದ್ಯರನ್ನು ಕೇಳದೆ ಇವುಗಳ ಹತ್ತಿರ ಸುಳಿಯದಿರುವುದು ಮೇಲು. ಸೀಸೆಯನ್ನು ಮಕ್ಕಳ ಕೈಗೆಟುಕದಂತೆ ಬೀಗದೊಳಗಿಡಬೇಕು. ಒಂದು ವೇಳೆ ಮಗುವು ಕುಡಿದುಬಿಟ್ಟರೆ, ಗಂಟಲಿಗೆ ಬೆರಳಿಟ್ಟು ವಾಂತಿ ಮಾಡಿಸುವ ಸಾಹಸವು ಬೇಡ. ಎಣ್ಣೆಯು ಶ್ವಾಸಕೋಶಕ್ಕೆ ಇಳಿದರೆ ಕೇಡು ಇಮ್ಮಡಿಯಾಗುವುದು. ಸೀಸೆಯನ್ನೂ ಮಗುವನ್ನೂ ಎತ್ತಿಕೊಂಡು ಕೂಡಲೆ ಆಸ್ಪತ್ರೆಗೆ ಓಡಬೇಕು.

ಇನ್ನು ಉಣ್ಣೆಬಟ್ಟೆಯ ಪೆಟ್ಟಿಗೆಯಲ್ಲಿ ಸೀಡರ್ ಕಟ್ಟಿಗೆಯ ತುಂಡನ್ನಿಡುವವರಿಗೆ ಒಂದು ಮಾತು. ಅದರ ಕಂಪು ನುಸಿಯ ಎಳೆಯ ಮರಿಗಳಿಗೆ ಹಗೆ. ಬಲಿತ ಮರಿಗಳನ್ನೂ ಮೊಟ್ಟೆಗಳನ್ನೂ ಅದು ಕೊಲ್ಲಲಾರದು. ಕಂಪು ಕುಂದಿದಂತೆ ಅದರ ಬಲವೂ ಕುಂದುವುದು. ಆದುದರಿಂದ ಬಟ್ಟೆಯನ್ನು ಮೊದಲು ಚೆನ್ನಾಗಿ ಝಾಡಿಸಿ, ಬಿಸಿಲಿಗೆ ಹಾಕಿ, ಆಮೇಲೆ ಬಿಗಿಯಾಗಿ ಮುಚ್ಚುವ ಪೆಟ್ಟಿಗೆಯಲ್ಲಿಡಬೇಕು. ಕಟ್ಟಿಗೆಯು ಹಳತಾಗಿದ್ದರೆ ಉಪ್ಪುಕಾಗದದಿಂದ ಮೇಲ್ಮೈಯನ್ನು ತುಸು ಉಜ್ಜಿದರೆ ಹೊಸ ಕಂಪು ಹೊರಡುವುದು.

ಆ ಮನೆಯ ಚಿಕ್ಕವನನ್ನು ಅಂದೇ ವೈದ್ಯರಿಗೆ ತೋರಿಸಿದರು. ವಾರದೊಳಗೆ ಕೆಮ್ಮು ಇಳಿಯಿತು. ಸೀಸೆಯ ಚೀಟಿಯನ್ನು ನಾನು ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ತಿರುಗಿಸಿ ಓದಿದೆನು. ಶುದ್ಧವೆಂದೂ ಪ್ರಕೃತಿಸಹಜವೆಂದೂ ಎರಡೆರಡು ಸಲ ಬರೆದಿದ್ದರೇ ಹೊರತು, ಮರದ ಶಾಸ್ತ್ರೀಯ ನಾಮವು ಎಲ್ಲಿಯೂ ಇರಲಿಲ್ಲ. ಆ ತಾಯಿಯು ಈ ಕಥೆಯೆಲ್ಲವನ್ನೂ ಕೇಳಿ ಬಹಳ ಹೊತ್ತು ಸುಮ್ಮನಿದ್ದು, ಅಮೇಲೆ, "ನೀವು ಅಂದು ಬಾರದೆ ಇದ್ದಿದ್ದರೆ ಕೊಟ್ಟೇಬಿಡುತ್ತಿದ್ದೆ, ಮೇಷ್ಟರೇ. ಚಮಚದಲ್ಲಿ ಜೇನುತುಪ್ಪ ಆಗಲೇ ಹಾಕಿಟ್ಟಿದ್ದೆ" ಎಂದರು. ಅವರ ಕೈ ನಡುಗುತ್ತಿದ್ದಿತು. ನಮ್ಮ ಊರುಗಳಲ್ಲಿ ಹೀಗೆ ಜೇನುತುಪ್ಪವನ್ನು ಹಾಕಿಟ್ಟು, ತಡೆಯುವವರು ಯಾರೂ ಇಲ್ಲದೆ ಹೋದ ಮನೆಗಳು ಎಷ್ಟಿರುವುವೋ ಎಂದು ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ಈ ಲೇಖನವನ್ನು ಬರೆದುದಕ್ಕೆ ಅದೇ ಕಾರಣ.

ಹುಡುಗಿಗೆ ಉತ್ತರವನ್ನು ಹೇಳಿದಾಗ ಅವಳು ಪುಸ್ತಕವನ್ನು ತೆರೆದು ಒಣಗಿದ ಎಲೆಯನ್ನು ಸಂಶಯದಿಂದ ನೋಡಿ, "ಹಾಗಾದರೆ ಇದನ್ನು ಎಸೆದುಬಿಡಲೇ?" ಎಂದು ಕೇಳಿದಳು. "ಬೇಡಮ್ಮ, ಇರಲಿ. ಬಾಯಿ ಮೂಗಿಗೆ ಹಾಕಿಕೊಳ್ಳಬೇಡ. ಅದು ಪಾಠವನ್ನು ತಲೆಗೆ ಹತ್ತಿಸದಿದ್ದರೂ ಒಂದು ಒಳ್ಳೆಯ ಪ್ರಶ್ನೆಯನ್ನು ಕೇಳಿಸಿತಲ್ಲ" ಎಂದೆನು. ಅವಳು ಎಲೆಯನ್ನು ಮತ್ತೆ ಹಾಳೆಗಳ ನಡುವೆ ಇಟ್ಟು ಪುಸ್ತಕವನ್ನು ಮುಚ್ಚಿದಳು.